1971ರ ಎಂಜಿಬಿ ರೋಡ್‌ಸ್ಟರ್: ಲಿವರ್ ಶಾಕ್ ತೆಗೆದು ಟ್ಯೂಬ್ ಶಾಕ್ ಹಾಕಿಸಲಾ?

ಸರಸ್ವತಿಪುರಂ71
ಶನಿವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1971ರ ಎಂಜಿಬಿ ರೋಡ್‌ಸ್ಟರ್ ಇದೆ, ಎಂಜಿ ಕಂಪನಿಯ ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಕ್ರೋಮ್ ಬಂಪರ್, ಬಟ್ಟೆ ಟಾಪು, 1798 ಸಿಸಿ ಎಂಜಿನ್. ನಮ್ಮ ಮಾವನವರ ಕಾರು. ಅವರು ಹೋದ ಮೇಲೆ ಆರು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಹೋದ ವರ್ಷ ಎಂಜಿನ್, ಬ್ರೇಕ್ ಎರಡೂ ಸರಿ ಮಾಡಿಸಿದೆ. ಈಗ ಭಾನುವಾರ ಬೆಳಗ್ಗೆ ನಾನೂ ಹೆಂಡತಿಯೂ ಚಾಮುಂಡಿ ಬೆಟ್ಟಕ್ಕೋ ಕೆಆರ್‌ಎಸ್ ಕಡೆಗೋ ಒಂದು ಸುತ್ತು ಹೋಗಿ ಬರುತ್ತೇವೆ.

ತೊಂದರೆ ಇರುವುದು ಸಸ್ಪೆನ್ಶನ್‌ನಲ್ಲಿ. ರಿಂಗ್ ರೋಡಿನಲ್ಲಿ ಒಂದು ಸಣ್ಣ ಹಂಪ್ ಸಿಕ್ಕಿದರೂ ಮುಂದೆ ಬಲಗಡೆ ‘ಟಕ್’ ಅಂತ ಸದ್ದು. ಬೆಟ್ಟ ಇಳಿಯುವಾಗ ತಿರುವಿನಲ್ಲಿ ಕಾರು ಹೊರಗೆ ವಾಲಿ, ಆಮೇಲೆ ಎರಡು ಸಲ ತೂಗಾಡಿ ನಿಲ್ಲುತ್ತದೆ. ಗುಂಡಿ ಬಿದ್ದರೆ ಹಿಂದಿನ ಆಕ್ಸಲ್ ಪಕ್ಕಕ್ಕೆ ಜಿಗಿಯುತ್ತದೆ. ಸ್ಟೀರಿಂಗ್ ತುಂಬ ಭಾರ. ಹೆಂಡತಿಗೆ ಸೊಂಟ ನೋವು ಶುರುವಾಗಿದೆ. ಅದೇ ನನಗೆ ದೊಡ್ಡ ಚಿಂತೆ. ಅವಳಿಗೆ ಅಪ್ಪನ ಕಾರು ಅಂದರೆ ಪ್ರಾಣ.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ನಾಲ್ಕೂ ಲಿವರ್ ಶಾಕ್ (ಕೈ ಮೇಲೆ ಕೆಳಗೆ ಆಡುವ ಹಳೇ ತರಹದ ಶಾಕ್ ಅಬ್ಸಾರ್ಬರ್) ಕಿತ್ತು ಬಿಸಾಕಿ, ಬ್ರಾಕೆಟ್ ವೆಲ್ಡ್ ಮಾಡಿ ಈಗಿನ ಕಾರುಗಳ ಹಾಗೆ ಕೊಳವೆಯಂಥ ಟ್ಯೂಬ್ ಶಾಕ್ ಹಾಕೋಣ, ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡಿದರೆ ಕಾರು ತಗ್ಗಿ ರೋಡಿಗೆ ಕಚ್ಚಿಕೊಳ್ಳುತ್ತದೆ ಎಂದರು. ಮಾಡಿಸಲಾ? ಈ ಕಾರು ಗೊತ್ತಿರುವವರು ದಯವಿಟ್ಟು ಹೇಳಿ.

ಹೊಸಬ_ಕುವೆಂಪುನಗರ
ಶನಿವಾರ, ರಾತ್ರಿ 9:22

ಟ್ಯೂಬ್ ಹಾಕಿಸಿ ಸರ್. ಲಿವರ್ ಶಾಕ್ ಎಲ್ಲ ನಮ್ಮ ತಾತನ ಕಾಲದ್ದು.

ಲೇತ್‌ಮನೆ_ಹೆಬ್ಬಾಳ
ಶನಿವಾರ, ರಾತ್ರಿ 9:41

ಸರ್, ನಿಲ್ಲಿ. ದಯವಿಟ್ಟು ಏನೂ ವೆಲ್ಡ್ ಮಾಡಿಸಬೇಡಿ, ಏನೂ ಕಟ್ ಮಾಡಿಸಬೇಡಿ.

ಎಂಜಿಬಿ ಮುಂದಿನ ಲಿವರ್ ಶಾಕ್ ಬರೀ ಶಾಕ್ ಅಲ್ಲ. ಅದರ ಎರಡು ಕೈಗಳೇ ಆ ಚಕ್ರದ ಮೇಲಿನ ವಿಶ್‌ಬೋನ್, ಅಂದರೆ ಚಕ್ರವನ್ನು ಬಾಡಿಗೆ ಹಿಡಿದಿಡುವ ಕವಲು ತೋಳು. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ನೆಟ್ಟನೆಯ ಪಿನ್ನು, ಅಂದರೆ ಕಿಂಗ್‌ಪಿನ್, ಅದರ ಮೇಲ್ತುದಿ ಹಿಡಿದಿರುವುದು ಆ ಕೈಗಳೇ. ಕಿತ್ತು ಬಿಸಾಕಿದರೆ ಚಕ್ರ ಯಾವುದರ ಮೇಲೆ ನಿಲ್ಲುತ್ತದೆ? ಮುಂದಕ್ಕೆ ಟ್ಯೂಬ್ ಹಾಕುವ ಕಿಟ್‌ಗಳಲ್ಲೂ ಸಾಮಾನ್ಯವಾಗಿ ಲಿವರ್ ಅಲ್ಲೇ ಇರುತ್ತದೆ. ಒಳಗಿನ ವಾಲ್ವ್ ತೆಗೆದು ಅದನ್ನು ಬರೀ ಕೀಲಿನ ಹಾಗೆ ಬಿಡುತ್ತಾರೆ, ಪಕ್ಕದಲ್ಲಿ ಟ್ಯೂಬ್ ಸೇರಿಸುತ್ತಾರೆ. ಅಂದರೆ ನಿಮ್ಮ ಲಿವರ್‌ನ ಶಾಫ್ಟ್ ಸವೆದಿದ್ದರೆ ಟ್ಯೂಬ್ ಹಾಕಿದ ಮೇಲೂ ಆ ‘ಟಕ್’ ಹಾಗೇ ಇರುತ್ತದೆ. ಇದನ್ನು ಹೇಳದೆ ಬಿಸಾಕೋಣ ಅಂದವರು ಈ ಕಾರಿನ ಕೆಳಗೆ ಮಲಗಿ ನೋಡಿಲ್ಲ.

ಮೊದಲು ಒಂದು ಸಣ್ಣ ಪ್ರಶ್ನೆ. ಟೈರ್ ಯಾವ ಸೈಜು, ಗಾಳಿ ಎಷ್ಟು?

ಸರಸ್ವತಿಪುರಂ71
ಶನಿವಾರ, ರಾತ್ರಿ 9:50

ಟೈರ್ 165/80 ಆರ್14. ಸ್ವಿಫ್ಟ್‌ಗೆ ಬರುವ ಸೈಜೇ, ಇಲ್ಲೇ ಸಿಕ್ಕಿತು. ಗಾಳಿ ಪೆಟ್ರೋಲ್ ಬಂಕಿನಲ್ಲಿ ಹುಡುಗ ಹಾಕಿದ್ದು. 34 ಇರಬೇಕು.

ಲೇತ್‌ಮನೆ_ಹೆಬ್ಬಾಳ
ಶನಿವಾರ, ರಾತ್ರಿ 9:54

ಕಾರಿನ ಹ್ಯಾಂಡ್‌ಬುಕ್ ತೆಗೆದು ನೋಡಿ. ಮುಂದೆ 21, ಹಿಂದೆ 24 ಅಂತ ಇದೆ. ನೀವು ಹತ್ತು, ಹದಿಮೂರು ಪೌಂಡ್ ಜಾಸ್ತಿ ಗಾಳಿ ತುಂಬಿಸಿಕೊಂಡು ಓಡಿಸುತ್ತಿದ್ದೀರಿ. ಇದು ಒಂದು ಟನ್ ತೂಗದ ಕಾರು. ಟೈರ್ ಕಲ್ಲಿನ ಹಾಗೆ ಇದ್ದರೆ ಹಿಂದಿನ ಆಕ್ಸಲ್ ಜಿಗಿಯದೆ ಇನ್ನೇನು ಮಾಡುತ್ತದೆ? ನಾಳೆ ಬೆಳಗ್ಗೆ ಟೈರ್ ತಣ್ಣಗಿರುವಾಗ ಮುಂದೆ 24, ಹಿಂದೆ 26 ಇಟ್ಟು ಅದೇ ರೋಡಿನಲ್ಲಿ ಹೋಗಿ ಬನ್ನಿ. ಖರ್ಚಿಲ್ಲ.

ಬೆಟ್ಟದಪುರ_ಡ್ರೈವರ್
ಶನಿವಾರ, ರಾತ್ರಿ 10:15

ಲೇತ್‌ಮನೆಯವರು ಮುಂದಿನದ್ದು ಸರಿಯಾಗಿ ಹೇಳಿದರು. ಆದರೆ ಹಿಂದಕ್ಕೆ ಟ್ಯೂಬ್ ಹಾಕುವುದಕ್ಕೆ ನನ್ನ ಪೂರ್ತಿ ಬೆಂಬಲ ಇದೆ. ಹಿಂದಿನ ಲಿವರ್ ಬರೀ ಶಾಕ್. ಎರಡು ಬೋಲ್ಟ್‌ನಲ್ಲಿ ಕೂತಿರುತ್ತದೆ. ಕಿಟ್‌ನ ಬ್ರಾಕೆಟ್ ಅದೇ ತೂತುಗಳಿಗೆ ಕೂರುತ್ತದೆ, ಕೆಳಗಡೆ ಸ್ಪ್ರಿಂಗ್‌ನ ಯು-ಬೋಲ್ಟ್ ಪ್ಲೇಟಿಗೆ ಬರುತ್ತದೆ. ವೆಲ್ಡಿಂಗೇ ಬೇಡ. ಬೇಡ ಅನಿಸಿದರೆ ಒಂದು ಗಂಟೆಯಲ್ಲಿ ಹಳೇದು ವಾಪಸ್.

ನಾನು ಸ್ನೇಹಿತರ ಎಂಜಿಬಿಯನ್ನು ಎರಡೂ ರೀತಿಯಲ್ಲಿ ಓಡಿಸಿದ್ದೇನೆ. ಟ್ಯೂಬ್‌ನಲ್ಲಿ ಆಯಿಲ್ ಜಾಸ್ತಿ ಇರುತ್ತದೆ, ಬೇಗ ಬಿಸಿಯಾಗುವುದಿಲ್ಲ. ಹುಣಸೂರು ರೋಡಿನಲ್ಲಿ ಅರ್ಧ ಗಂಟೆ ಓಡಿದ ಮೇಲೆ ಲಿವರ್ ಸಡಿಲವಾದ ಹಾಗೆ ಅನಿಸುತ್ತಿತ್ತು, ಟ್ಯೂಬ್ ಹಾಗೆ ಮಾಡಲಿಲ್ಲ. ಬಿಗಿ ಜಾಸ್ತಿ ಕಡಿಮೆ ಮಾಡುವ ಮಾದರಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಆದರೆ ಆ ತಿರುಪನ್ನು ಪೂರ್ತಿ ಬಿಗಿ ಮಾಡಬೇಡಿ. ಎಲ್ಲರೂ ಮಾಡುವ ತಪ್ಪು ಅದೇ.

ಒರಿಜಿನಲ್_ಮಾತ್ರ
ಶನಿವಾರ, ರಾತ್ರಿ 10:31

» ಹುಣಸೂರು ರೋಡಿನಲ್ಲಿ ಅರ್ಧ ಗಂಟೆ ಓಡಿದ ಮೇಲೆ ಲಿವರ್ ಸಡಿಲವಾದ ಹಾಗೆ

ಆ ಲಿವರ್‌ನಲ್ಲಿ ಆಯಿಲ್ ಇತ್ತಾ ನೋಡಿದ್ದೀರಾ? ಐವತ್ತು ವರ್ಷದ ಲಿವರ್‌ಗಳಲ್ಲಿ ಎಷ್ಟೋ ಒಣಗಿಯೇ ಇರುತ್ತವೆ. ಒಣಗಿದ ಲಿವರ್ ಓಡಿಸಿ ಲಿವರ್ ಕೆಟ್ಟದ್ದು ಅನ್ನುವುದು ನ್ಯಾಯವಲ್ಲ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿ ಮಾಡಿದರು. ಕೊನೆಯ ಕಾರಿನವರೆಗೂ ಲಿವರ್ ಶಾಕೇ ಇತ್ತು.

ಬೆಟ್ಟದಪುರ_ಡ್ರೈವರ್
ಶನಿವಾರ, ರಾತ್ರಿ 10:38

ಕೊನೆಯವರೆಗೂ ಇಟ್ಟರು ಅಂದರೆ ಅದೇ ಒಳ್ಳೆಯದು ಅಂತ ಅರ್ಥವಲ್ಲ ಸ್ವಾಮಿ. ಹೊಸದಾಗಿ ಮಾಡಲು ದುಡ್ಡು ಹಾಕಲಿಲ್ಲ, ಅಷ್ಟೇ. ಆಯಿಲ್ ಇತ್ತು. ನಾನೇ ತುಂಬಿಸಿದ್ದೆ.

ಒರಿಜಿನಲ್_ಮಾತ್ರ
ಶನಿವಾರ, ರಾತ್ರಿ 10:44

ಯಾವ ಆಯಿಲ್ ಹಾಕಿದಿರಿ?

ಬೆಟ್ಟದಪುರ_ಡ್ರೈವರ್
ಶನಿವಾರ, ರಾತ್ರಿ 10:46

ಗ್ಯಾರೇಜಿನಲ್ಲಿ ಇದ್ದ ಎಂಜಿನ್ ಆಯಿಲ್.

ಒರಿಜಿನಲ್_ಮಾತ್ರ
ಶನಿವಾರ, ರಾತ್ರಿ 10:47

ಹಾಗಾದರೆ ನೀವು ಲಿವರ್ ಶಾಕ್ ಓಡಿಸಿಯೇ ಇಲ್ಲ. ಎಂಜಿನ್ ಆಯಿಲ್ ಆ ವಾಲ್ವ್‌ಗೆ ಹೇಳಿದ್ದಲ್ಲ. ಶಾಕ್ ಆಯಿಲ್ ಬೇಕು, ಸಿಗದಿದ್ದರೆ 20 ನಂಬರಿನ ಫೋರ್ಕ್ ಆಯಿಲ್.

ಯೆಜ್ಡಿ_ಯಾದವಗಿರಿ
ಶನಿವಾರ, ರಾತ್ರಿ 11:02

ಫೋರ್ಕ್ ಆಯಿಲ್ ಅಂದ ತಕ್ಷಣ ನಾನು ಬಂದೆ. ಜಾವಾ, ಯೆಜ್ಡಿ ಹುಟ್ಟಿದ ಊರಿದು. 1961ರಿಂದ 1996ರವರೆಗೆ ಐಡಿಯಲ್ ಜಾವಾ ಫ್ಯಾಕ್ಟರಿ ಇಲ್ಲೇ ನಡೆಯಿತು. ಫೋರ್ಕ್ ಬಿಚ್ಚಿ ಸೀಲ್ ಹಾಕುವ ಕೈಗಳು ಮೈಸೂರಿನಲ್ಲಿ ಇನ್ನೂ ಬೇಕಾದಷ್ಟಿವೆ. ಲಿವರ್ ಶಾಕ್ ನೋಡಿ ಕಾರು ಮೆಕ್ಯಾನಿಕ್‌ಗಳು ಹೆದರಿದರೆ, ಒಬ್ಬ ಹಳೇ ಜಾವಾ ಮೆಕ್ಯಾನಿಕ್‌ಗೆ ತೋರಿಸಿ. ಪಿಸ್ಟನ್, ಸ್ಪ್ರಿಂಗ್, ವಾಲ್ವ್, ಸೀಲ್. ಅವರಿಗೆ ಇದು ಹೊಸದಲ್ಲ.

ಅಪ್ಪನ_ಫಿಯಟ್
ಶನಿವಾರ, ರಾತ್ರಿ 11:20

ಸುಮ್ನೆ ಓದುತ್ತಿದ್ದೆ, ಒಂದು ಮಾತು ಹೇಳಬೇಕು ಅನಿಸಿತು. ಸೊಂಟ ನೋವು ಅಂದಿರಲ್ಲ, ಸೀಟು ನೋಡಿದ್ದೀರಾ? ಹಳೇ ಎಂಜಿಬಿ ಸೀಟಿನ ಕೆಳಗೆ ರಬ್ಬರ್ ಪಟ್ಟಿಗಳು, ಅದರ ಮೇಲೆ ಸ್ಪಂಜು ಇರುತ್ತದೆ. ಆ ಪಟ್ಟಿ ಹರಿದರೆ ಕೂತವರು ನೇರ ಚೌಕಟ್ಟಿನ ಮೇಲೆ ಕೂತ ಹಾಗೆ. ನಮ್ಮ ಫಿಯಟ್‌ನಲ್ಲಿ ಅಮ್ಮನ ಸೀಟು ಹಾಗೇ ಆಗಿತ್ತು. ಶಾಕ್ ಬದಲಾಯಿಸಿದೆವು, ಸ್ಪ್ರಿಂಗ್ ಬದಲಾಯಿಸಿದೆವು, ಅಮ್ಮನ ನೋವು ಹೋಗಲಿಲ್ಲ. ಕೊನೆಗೆ ಸೀಟು ಕಟ್ಟುವವರ ಹತ್ತಿರ ಕೊಟ್ಟ ಮೇಲೆ ಹೋಯಿತು.

ಸರಸ್ವತಿಪುರಂ71
ಶನಿವಾರ, ರಾತ್ರಿ 11:31

ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ. ಈಗಲೇ ಟಾರ್ಚ್ ಹಿಡಿದು ನೋಡಿ ಬಂದೆ. ಎಡಗಡೆ ಸೀಟಿನ ಮೂರು ಪಟ್ಟಿ ತುಂಡಾಗಿವೆ. ತುಂಬ ಥ್ಯಾಂಕ್ಸ್.

ಪಾಂಡವಪುರ_ಲಾರಿ
ಭಾನುವಾರ, ಬೆಳಗ್ಗೆ 6:05

ನಮ್ಮದು ಲಾರಿ, ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್ ಸ್ಪ್ರಿಂಗ್ ಕೆಲಸ. ನಿಮ್ಮ ಕಾರು ನಾನು ನೋಡಿಲ್ಲ, ಆದರೆ ಪ್ಲೇಟ್ ಸ್ಪ್ರಿಂಗ್ ಎಲ್ಲ ಕಡೆ ಒಂದೇ. ಮಟ್ಟದ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ಡ್ರೈವರ್ ಕೂರುವ ಕಡೆ ಸಾಮಾನ್ಯವಾಗಿ ತಗ್ಗಿರುತ್ತದೆ. ಅಳತೆ ಇಲ್ಲದೆ ಮಾತಾಡಿದರೆ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಯಾರಾದರೂ ಪ್ಲೇಟನ್ನು ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿ ಹಾಗೇ ಕೊಟ್ಟರೆ ತಗೋಬೇಡಿ. ಕಾಯಿಸಿದರೆ ಹದ ಹೋಗುತ್ತದೆ. ಎಣ್ಣೆಯಲ್ಲಿ ಮುಳುಗಿಸಿ, ಮತ್ತೆ ಹದವಾಗಿ ಕಾಯಿಸಿ ಟೆಂಪರ್ ಕೊಡಬೇಕು. ಇಲ್ಲದಿದ್ದರೆ ಎರಡು ತಿಂಗಳಲ್ಲಿ ಮತ್ತೆ ಕೂತುಬಿಡುತ್ತದೆ. ತಣ್ಣಗೇ ಬಡಿದು ಸೆಟ್ ಮಾಡುವುದು ನಿಧಾನದ ಕೆಲಸ, ಆದರೆ ನಿಮ್ಮ ಸಣ್ಣ ಪ್ಲೇಟ್‌ಗಳಿಗೆ ಅದೇ ಒಳ್ಳೆಯದು.

ದೂರದ_ಮೈಸೂರಿಗ
ಭಾನುವಾರ, ಬೆಳಗ್ಗೆ 7:48

ನಾನು ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಹುಟ್ಟಿ ಬೆಳೆದದ್ದು ಒಂಟಿಕೊಪ್ಪಲಿನಲ್ಲಿ. ನನ್ನ ಹತ್ತಿರ 1992ರ ಮಾಜ್ಡಾ ಮಿಯಾಟಾ ಇದೆ. ಅದೂ ಟಾಪು ತೆಗೆಯುವ ಕಾರೇ, ನಾಲ್ಕೂ ಕಡೆ ಡಬಲ್ ವಿಶ್‌ಬೋನ್. ತಗ್ಗಿಸುವ ಆಸೆಯಲ್ಲಿ ಗಿಡ್ಡ ಸ್ಪ್ರಿಂಗ್ ಹಾಕಿಸಿ ನಾನು ಪಟ್ಟ ಪಾಡು ನಿಮಗೆ ಬೇಡ ಅಂತ ಬರೆಯುತ್ತಿದ್ದೇನೆ. ಕಾರು ನೋಡಲು ಬಹಳ ಚೆನ್ನಾಗಿತ್ತು. ಆದರೆ ಶಾಕ್ ಕೆಳಗೆ ಇಳಿಯಲು ಜಾಗವೇ ಉಳಿಯಲಿಲ್ಲ. ಪ್ರತಿ ಗುಂಡಿಯಲ್ಲೂ ರಬ್ಬರ್ ಸ್ಟಾಪ್‌ಗೆ ಹೊಡೆಯುತ್ತಿತ್ತು. ಶಾಕ್ ಕೆಟ್ಟಿದೆ ಅಂದುಕೊಂಡು ದುಬಾರಿ ಶಾಕ್ ಹಾಕಿದೆ, ಆಗಲೂ ಹೊಡೆಯಿತು. ಸ್ಪ್ರಿಂಗ್ ಮೊದಲಿನ ಎತ್ತರಕ್ಕೆ ತಂದ ಮೇಲೆ ಅದೇ ಶಾಕ್ ಅದ್ಭುತವಾಗಿ ಕೆಲಸ ಮಾಡಿತು. ಅಮೆರಿಕದ ರೋಡಿನಲ್ಲೇ ಹೀಗಾದರೆ ನಮ್ಮೂರಿನ ಹಂಪ್ ಮೇಲೆ ಏನಾಗಬೇಕು?

ಕಾಲೇಜು_ಮೇಷ್ಟ್ರು
ಭಾನುವಾರ, ಬೆಳಗ್ಗೆ 8:20

ಹಂಪ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಭಾರತೀಯ ರಸ್ತೆ ಕಾಂಗ್ರೆಸ್ ಹೇಳಿರುವ ಅಳತೆ ಇದೆ. ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ದುಂಡಗೆ 17 ಮೀಟರ್ ತ್ರಿಜ್ಯ. ಅಂದರೆ ಸಣ್ಣ ದಿಬ್ಬದ ಹಾಗೆ ನಿಧಾನವಾಗಿ ಹತ್ತಿ ಇಳಿಯಬೇಕು. ನಮ್ಮ ಬೀದಿಯಲ್ಲಿ ಇರುವುದು ಅಂಥದ್ದಾ? ರಾತ್ರೋರಾತ್ರಿ ಒಂದು ಬಾಣಲೆ ಕಾಂಕ್ರೀಟ್ ಸುರಿದು ಗೋಡೆ ಕಟ್ಟಿದ ಹಾಗೆ ಮಾಡುತ್ತಾರೆ. ಎಂಜಿಬಿಯ ನೆಲದ ಅಂತರ ಐದು ಇಂಚಿನ ಆಸುಪಾಸು, ಸೈಲೆನ್ಸರ್ ಪೈಪ್ ಎಲ್ಲಕ್ಕಿಂತ ಕೆಳಗೆ ಜೋತಿರುತ್ತದೆ. ಇದನ್ನು ಒಂದು ಇಂಚು ತಗ್ಗಿಸುವುದು ಅಂದರೆ ಮನೆಯಿಂದ ಹೊರಡುವುದೇ ಬೇಡ ಅಂದ ಹಾಗೆ.

ಎಂಜಿಯವರೇ 1974ರ ಕೊನೆಯಲ್ಲಿ ರಬ್ಬರ್ ಬಂಪರ್ ತಂದಾಗ ಕಾರನ್ನು ಸುಮಾರು ಒಂದು ಇಂಚು ಎತ್ತರಿಸಿದರು. ಅಮೆರಿಕದ ಬಂಪರ್ ನಿಯಮಕ್ಕಾಗಿ. ಅದರಿಂದ ತಿರುವಿನಲ್ಲಿ ಜಾಸ್ತಿ ವಾಲುತ್ತದೆ ಅಂತ ಎಲ್ಲರೂ ಬೈದರು. ನಮ್ಮ ಮಂಡ್ಯ ಒಳರಸ್ತೆಗಳಿಗೆ ಮಾತ್ರ ಆ ಎತ್ತರವೇ ಸರಿ ಅಂತ ನನ್ನ ಅಭಿಪ್ರಾಯ.

ಹೊಸಬ_ಕುವೆಂಪುನಗರ
ಭಾನುವಾರ, ಬೆಳಗ್ಗೆ 8:26

ಎಕ್ಸ್‌ಪ್ರೆಸ್‌ವೇನಲ್ಲಿ ಹಂಪ್ ಇಲ್ಲವಲ್ಲ, ಅಲ್ಲಿ ಓಡಿಸಬಹುದು.

ಮಂಡ್ಯ_ಹೆರಾಲ್ಡ್
ಭಾನುವಾರ, ಬೆಳಗ್ಗೆ 8:40

ತಮ್ಮ, ಟಾಪು ತೆಗೆದ ಹಳೇ ಕಾರನ್ನು ಬಸ್ಸು, ಕಂಟೇನರ್ ನಡುವೆ ನೂರು ಕಿಲೋಮೀಟರ್ ವೇಗದಲ್ಲಿ ಓಡಿಸುವುದರಲ್ಲಿ ಏನು ಸುಖ? ಬನ್ನೂರು ರೋಡು ಹಿಡಿ. ಕಾಲುವೆ, ಗದ್ದೆ, ನೆರಳು. ಮದ್ದೂರು ವಡೆ ತಿನ್ನುವುದಿದ್ದರೆ ಹಳೇ ರೋಡಿನಲ್ಲೇ ಮಂಡ್ಯದ ಮೇಲೆ ಹೋಗು.

ಈಗ ಮುಖ್ಯ ವಿಷಯ. ನನ್ನದು ಸ್ಟ್ಯಾಂಡರ್ಡ್ ಹೆರಾಲ್ಡ್, ಮದ್ರಾಸಿನಲ್ಲಿ ಮಾಡಿದ್ದು. ಮುಂದೆ ಕಾಯಿಲ್ ಸ್ಪ್ರಿಂಗ್, ಒಳಗೇ ಟ್ಯೂಬ್ ಶಾಕ್. ಹಿಂದೆ ಅಡ್ಡ ಪ್ಲೇಟ್ ಸ್ಪ್ರಿಂಗ್, ಸ್ವಿಂಗ್ ಆಕ್ಸಲ್. ನಮಗೆ ಶಾಕ್ ಬದಲಾಯಿಸುವುದು ಸುಲಭ, ಆದರೆ ಹಿಂದಿನ ಚಕ್ರ ತಿರುವಿನಲ್ಲಿ ಒಳಕ್ಕೆ ಮಡಚುವ ರೋಗ ಬೇರೆ. ಅದು ಬಿಡಿ. ನಾನು ಹೇಳಬೇಕಾಗಿದ್ದು ಇದು: ಹೆರಾಲ್ಡ್‌ಗೆ ಬೇರೆ ಚಾಸಿ ಇದೆ, ಬಾಡಿ ಅದರ ಮೇಲೆ ಕೂತಿದೆ. ಎಂಜಿಬಿಗೆ ಚಾಸಿ ಇಲ್ಲ. ಬಾಡಿಯೇ ಎಲ್ಲ. ಅದರಲ್ಲೂ ರೋಡ್‌ಸ್ಟರ್‌ಗೆ ಮೇಲೆ ಛಾವಣಿ ಇಲ್ಲ. ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿರುವುದು ಬಾಗಿಲ ಕೆಳಗಿನ ಎರಡು ಸಿಲ್ ಮತ್ತು ಎರಡು ಸೀಟಿನ ನಡುವೆ ಉಬ್ಬಿರುವ ಟನೆಲ್. ಸಿಲ್ ಒಳಗೆ ತುಕ್ಕು ಹಿಡಿದಿದ್ದರೆ, ನೀವು ಎಂಥ ಶಾಕ್ ಹಾಕಿದರೂ ಗುಂಡಿಯ ಹೊಡೆತಕ್ಕೆ ಬಾಡಿಯೇ ಬಾಗುತ್ತದೆ. ಶಾಕ್ ಬಿಗಿ ಮಾಡಿದಷ್ಟೂ ಜಾಸ್ತಿ ಬಾಗುತ್ತದೆ.

ಪರೀಕ್ಷೆ ಹೀಗೆ. ಬಾಗಿಲು ಮುಚ್ಚಿ, ಬಾಗಿಲ ಹಿಂದಿನ ಸಂದು ಮೇಲೆ ಕೆಳಗೆ ಎಷ್ಟಿದೆ ನೋಡಿ. ಆಮೇಲೆ ಸಿಲ್ ಕೆಳಗಿನ ಜಾಕ್ ಜಾಗಕ್ಕೆ ಜಾಕ್ ಕೊಟ್ಟು ನಿಧಾನ ಎತ್ತಿ. ಸಂದು ಬದಲಾಗಬಾರದು, ಬಾಗಿಲು ತೆಗೆದು ಹಾಕಲು ಮೊದಲಿನ ಹಾಗೇ ಬರಬೇಕು. ಕರಕರ ಸದ್ದು ಬಂದರೆ ತಕ್ಷಣ ಇಳಿಸಿ.

ಸರಸ್ವತಿಪುರಂ71
ಭಾನುವಾರ, ಮಧ್ಯಾಹ್ನ 1:15

ಬೆಳಗ್ಗೆಯಿಂದ ಕಾರಿನ ಕೆಳಗೇ ಇದ್ದೇನೆ. ಒಂದೊಂದಾಗಿ ಬರೆಯುತ್ತೇನೆ.

ಗಾಳಿ: ಗೇಜ್ ಹಿಡಿದರೆ 34 ಅಲ್ಲ, 36 ಇತ್ತು. ಮುಂದೆ 24, ಹಿಂದೆ 26 ಮಾಡಿ ಲಲಿತಮಹಲ್ ರೋಡಿನಲ್ಲಿ ಹೋಗಿ ಬಂದೆ. ನಂಬಲಾಗಲಿಲ್ಲ. ಹಿಂದಿನ ಜಿಗಿತ ಅರ್ಧಕ್ಕರ್ಧ ಹೋಗಿದೆ. ಸ್ಟೀರಿಂಗ್ ಮಾತ್ರ ಇನ್ನೂ ಭಾರವಾಗಿದೆ.

ಮುಂದಿನ ಬಲ ಲಿವರ್: ಹೊರಗೆಲ್ಲ ಎಣ್ಣೆ ಒದ್ದೆ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಲಿವರ್ ಶಾಫ್ಟ್ ತನ್ನ ಗೂಡಿನಲ್ಲೇ ಅಲ್ಲಾಡುತ್ತದೆ, ಕಣ್ಣಿಗೇ ಕಾಣುತ್ತದೆ. ಎಡಗಡೆಯದು ಪರವಾಗಿಲ್ಲ. ಹಿಂದಿನ ಎರಡರಲ್ಲಿ ಒಂದು ಒಣಗಿದೆ, ಇನ್ನೊಂದರ ಲಿಂಕ್‌ನ ರಬ್ಬರ್ ಪುಡಿಪುಡಿ. ಆಕ್ಸಲ್ ಜಾಸ್ತಿ ಇಳಿಯದ ಹಾಗೆ ಹಿಡಿಯುವ ರಬ್ಬರ್ ಪಟ್ಟಿ ಎಡಗಡೆ ತುಂಡಾಗಿದೆ.

ಎತ್ತರ: ಹಿಂದೆ ಬಲಗಡೆ ಎಡಕ್ಕಿಂತ 18 ಮಿಲಿಮೀಟರ್ ತಗ್ಗು.

ಈಗ ಕೆಟ್ಟ ಸುದ್ದಿ. ಹೆರಾಲ್ಡ್ ಸರ್ ಹೇಳಿದ ಹಾಗೆ ಜಾಕ್ ಹಾಕಿದೆ. ಎಡಗಡೆ ಏನೂ ಆಗಲಿಲ್ಲ. ಬಲಗಡೆ ಎತ್ತಿದ ಮೇಲೆ ಬಾಗಿಲು ಮುಚ್ಚಿಕೊಳ್ಳಲೇ ಇಲ್ಲ. ಲಾಚ್ ಒಂದು ಬೆರಳಿನಷ್ಟು ಕೆಳಗೆ ಹೊಡೆಯುತ್ತಿದೆ. ಹೆಂಡತಿ ಪಕ್ಕದಲ್ಲೇ ನಿಂತು ನೋಡಿದಳು. ಇಬ್ಬರಿಗೂ ಮಾತೇ ಬರಲಿಲ್ಲ.

ಲೇತ್‌ಮನೆ_ಹೆಬ್ಬಾಳ
ಭಾನುವಾರ, ಮಧ್ಯಾಹ್ನ 1:40

ಬೇಜಾರು ಮಾಡಿಕೊಳ್ಳಬೇಡಿ ಸರ್. ಗೊತ್ತಾಗಿದ್ದೇ ಒಳ್ಳೆಯದಾಯಿತು. ಇವತ್ತಿನಿಂದ ಓಡಿಸಬೇಡಿ.

ಮೊದಲು ಸಿಲ್. ಬಾಡಿ ಕೆಲಸದವರು ಹಳೇ ಸಿಲ್ ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡ ಕಬ್ಬಿಣದ ಪೈಪ್ ಕೊಟ್ಟು ಬಿಗಿ ಹಿಡಿಯಲೇಬೇಕು. ಇಲ್ಲದಿದ್ದರೆ ಕತ್ತರಿಸಿದ ತಕ್ಷಣ ಕಾರು ನಡುವೆ ಕುಸಿಯುತ್ತದೆ, ಆಮೇಲೆ ಬಾಗಿಲು ಜನ್ಮದಲ್ಲಿ ಕೂರುವುದಿಲ್ಲ. ಹೊರಗಿನ ತಗಡು ಮಾತ್ರ ಹಾಕಿ ಪುಟ್ಟಿ ಬಳಿಯುವವರಿಗೆ ಕೊಡಬೇಡಿ. ಒಳಗಿನ ಸಿಲ್, ನಡುವಿನ ತಗಡು, ಹೊರಗಿನದು, ಮೂರೂ ಬೇಕು.

ಆಮೇಲೆ ಲಿವರ್ ನನಗೆ ತಂದು ಕೊಡಿ. ಶಾಫ್ಟ್ ಗೂಡನ್ನು ಬೋರ್ ಮಾಡಿ ಕಂಚಿನ ಬುಶ್ ಹಾಕಿ, ಹೊಸ ಸೀಲ್ ಕೂರಿಸಿದರೆ ಮತ್ತೆ ಇಪ್ಪತ್ತು ವರ್ಷ ನಡೆಯುತ್ತದೆ. ಸುಮ್ನೆ ಆಯಿಲ್ ತುಂಬಿಸಿದರೆ ಒಂದು ವಾರದಲ್ಲಿ ಸೋರಿ ಹೋಗುತ್ತದೆ.

ಒರಿಜಿನಲ್_ಮಾತ್ರ
ಭಾನುವಾರ, ಮಧ್ಯಾಹ್ನ 2:05

ಇನ್ನೊಂದು ಕಾರಣಕ್ಕೂ ಬ್ರಾಕೆಟ್ ವೆಲ್ಡಿಂಗ್ ಬೇಡ. 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನದ ನಿಯಮ ನೋಡಿ. ಮೊದಲ ರಿಜಿಸ್ಟ್ರೇಶನ್ ಆಗಿ ಐವತ್ತು ವರ್ಷ ದಾಟಿದ ಗಾಡಿ ಮೂಲ ರೂಪದಲ್ಲಿ ಇರಬೇಕು. ಚಾಸಿ, ಬಾಡಿ ಶೆಲ್, ಎಂಜಿನ್ ಇವುಗಳಲ್ಲಿ ಮಾರ್ಪಾಡು ಮಾಡಿರಬಾರದು. ಎಂಜಿಬಿಗೆ ಬಾಡಿಯೇ ಚಾಸಿ. ಬ್ರಾಕೆಟ್ ವೆಲ್ಡ್ ಮಾಡಿದರೆ ನೀವೇ ಮಾರ್ಪಾಡು ಮಾಡಿದ ಹಾಗೆ.

ಬೆಟ್ಟದಪುರ_ಡ್ರೈವರ್
ಭಾನುವಾರ, ಮಧ್ಯಾಹ್ನ 2:18

ಹಾಗಾದರೆ ಸಿಲ್ ಹಾಕಿಸುವುದೂ ವೆಲ್ಡಿಂಗೇ ಅಲ್ವಾ? ಅದೂ ಬೇಡ ಅನ್ನುತ್ತೀರಾ?

ಒರಿಜಿನಲ್_ಮಾತ್ರ
ಭಾನುವಾರ, ಮಧ್ಯಾಹ್ನ 2:25

ತುಕ್ಕು ತಿಂದ ಜಾಗಕ್ಕೆ ಅದೇ ಆಕಾರದ ತಗಡು ಹಾಕುವುದು ರಿಪೇರಿ. ಇಲ್ಲದ್ದನ್ನು ಹೊಸದಾಗಿ ಸೇರಿಸುವುದು ಮಾರ್ಪಾಡು. ಎರಡೂ ಒಂದಲ್ಲ.

ಕಾಲೇಜು_ಮೇಷ್ಟ್ರು
ಭಾನುವಾರ, ಮಧ್ಯಾಹ್ನ 2:50

ವಿಂಟೇಜ್ ರಿಜಿಸ್ಟ್ರೇಶನ್ ಮಾಡಿಸುವ ಮುಂಚೆ ಇದನ್ನೂ ಯೋಚಿಸಿ. ಫೀಸು 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಆ ನಂಬರ್ ಇದ್ದರೆ ದಿನಾ ಬಳಕೆಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿ, ಅಷ್ಟಕ್ಕೇ. ಪ್ರತಿ ಭಾನುವಾರ ಬೆಟ್ಟಕ್ಕೆ ಹೋಗುವವರಿಗೆ ಇದು ಹೊಂದುತ್ತದಾ ಅಂತ ಆರ್‌ಟಿಒದಲ್ಲಿ ಕೇಳಿಕೊಂಡು ಮುಂದುವರಿಯಿರಿ.

ಅನಾಮಿಕ_ಟಿ_ನರಸೀಪುರ
ಭಾನುವಾರ, ಸಂಜೆ 5:12

ಮಾರುವುದಿದ್ದರೆ ಹೇಳಿ ಸರ್. ಇದ್ದ ಹಾಗೇ ತಗೋತೀನಿ.

ಸರಸ್ವತಿಪುರಂ71
ಭಾನುವಾರ, ಸಂಜೆ 5:20

ಇಲ್ಲ ಸರ್, ಮಾರುವುದಿಲ್ಲ.

ಪಾಂಡವಪುರ_ಲಾರಿ
ಭಾನುವಾರ, ಸಂಜೆ 7:30

18 ಮಿಲಿಮೀಟರ್ ಅಂದಿರಲ್ಲ, ಅದರಲ್ಲಿ ಸ್ವಲ್ಪ ಸಿಲ್ ಬಾಗಿರುವುದರಿಂದಲೂ ಇರಬಹುದು. ಸಿಲ್ ಆದ ಮೇಲೆ ಮತ್ತೆ ಅಳೆಯಿರಿ. ಆಗ ಪ್ಲೇಟ್ ಸೆಟ್ ಎರಡನ್ನೂ ತನ್ನಿ. ಒಂದು ಕಡೆಯದು ಮಾತ್ರ ತರಬೇಡಿ, ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಬಿಲ್ಲಿಗೆ ತರಬೇಕು. ಯು-ಬೋಲ್ಟ್ ಹಳೇದು ಹಾಕಬೇಡಿ, ಹೊಸದು ಮಾಡಿಸೋಣ.

ಯೆಜ್ಡಿ_ಯಾದವಗಿರಿ
ಭಾನುವಾರ, ರಾತ್ರಿ 8:44

ಸ್ಟೀರಿಂಗ್ ಭಾರಕ್ಕೆ ಯಾರೂ ಉತ್ತರ ಹೇಳಲಿಲ್ಲ. ಕಿಂಗ್‌ಪಿನ್‌ಗೆ ಗ್ರೀಸ್ ಹೊಡೆದು ಎಷ್ಟು ದಿನ ಆಯಿತು?

ಸರಸ್ವತಿಪುರಂ71
ಭಾನುವಾರ, ರಾತ್ರಿ 8:50

ನಾನಂತೂ ಹೊಡೆದಿಲ್ಲ. ಮಾವನವರು ಹೊಡೆದಿದ್ದರೆ ಏಳು ವರ್ಷದ ಹಿಂದೆ.

ಲೇತ್‌ಮನೆ_ಹೆಬ್ಬಾಳ
ಭಾನುವಾರ, ರಾತ್ರಿ 8:58

ಒಂದೊಂದು ಕಡೆ ಮೂರು ನಿಪ್ಪಲ್ ಇವೆ. ಹೊಸ ಕಾರಿನ ಮೆಕ್ಯಾನಿಕ್‌ಗಳಿಗೆ ಗ್ರೀಸ್ ಗನ್ ಹಿಡಿದ ಅಭ್ಯಾಸವೇ ಇಲ್ಲ, ಹಾಗಾಗಿ ಯಾರೂ ಮುಟ್ಟುವುದಿಲ್ಲ. ಚಕ್ರ ನೆಲದಿಂದ ಎತ್ತಿ, ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸುತ್ತಾ ಹೊಸ ಗ್ರೀಸ್ ಹೊರಗೆ ಬರುವವರೆಗೆ ಹೊಡೆಯಿರಿ. ಐದು ಸಾವಿರ ಕಿಲೋಮೀಟರಿಗೊಮ್ಮೆ ಮಾಡಬೇಕು. ನಿಮ್ಮ ಹಾಗೆ ಕಡಿಮೆ ಓಡಿಸುವವರು ಆರು ತಿಂಗಳಿಗೊಮ್ಮೆ.

ಮಂಡ್ಯ_ಹೆರಾಲ್ಡ್
ಭಾನುವಾರ, ರಾತ್ರಿ 9:10

ಇದನ್ನು ಓದಿ ಹೆರಾಲ್ಡ್ ಇರುವವರು ಗ್ರೀಸ್ ಗನ್ ಎತ್ತಿಕೊಳ್ಳಬೇಡಿ! ನಮ್ಮ ಕಾರಿನ ಮುಂದಿನ ಟ್ರನಿಯನ್‌ಗೆ (ಚಕ್ರ ತಿರುಗುವ ಕೆಳಗಿನ ಕೀಲು) ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್ ಹಾಕಬೇಕು. ಗ್ರೀಸ್ ಹಾಕಿ, ಅದು ಒಣಗಿ, ತುಂಡಾಗಿ, ಚಕ್ರ ಮಡಚಿಕೊಂಡು ಬಿದ್ದ ಹೆರಾಲ್ಡ್ ನಾನು ಕಣ್ಣಾರೆ ನೋಡಿದ್ದೇನೆ.

ಬೆಟ್ಟದಪುರ_ಡ್ರೈವರ್
ಸೋಮವಾರ, ಬೆಳಗ್ಗೆ 7:15

ಬುಶ್ ವಿಷಯ ಮರೆತೇ ಹೋಯಿತು. ಕೆಳಗಿನ ವಿಶ್‌ಬೋನ್‌ನ ಕೀಲಿನಲ್ಲಿರುವ ರಬ್ಬರ್ ಬುಶ್ ತೆಗೆದು ಪಾಲಿಯುರಿಥೇನ್ ಹಾಕಿಸಿ. ಬೇಗ ಸವೆಯುವುದಿಲ್ಲ.

ಒರಿಜಿನಲ್_ಮಾತ್ರ
ಸೋಮವಾರ, ಬೆಳಗ್ಗೆ 7:40

ಈ ಒಂದು ವಿಷಯದಲ್ಲಿ ನಾನೂ ಮೂಲದ್ದು ಬಿಡಲು ಹೇಳುತ್ತೇನೆ. ಆದರೆ ಪಾಲಿ ಬೇಡ. ಎಂಜಿಬಿ ಜಿಟಿ ವಿ8 ಅಂತ 1973ರಿಂದ 1976ರವರೆಗೆ ಬಂತಲ್ಲ, ಅದರ ಬುಶ್ ನಿಮ್ಮ ಕಾರಿಗೆ ಹಾಗೇ ಕೂರುತ್ತದೆ. ರಬ್ಬರ್ ಒಳಗೆ ಉಕ್ಕಿನ ಕೊಳವೆ. ಮಾಮೂಲಿ ರಬ್ಬರ್‌ಗಿಂತ ಬಿಗಿ, ಪಾಲಿಗಿಂತ ಮೆತ್ತಗೆ, ಕೀರಲು ಸದ್ದಿಲ್ಲ. ಒಂದು ಎಚ್ಚರಿಕೆ: ನಟ್‌ಗಳನ್ನು ಕೊನೆಯದಾಗಿ ಬಿಗಿ ಮಾಡುವಾಗ ಕಾರು ತನ್ನ ಚಕ್ರದ ಮೇಲೆ ನಿಂತಿರಬೇಕು. ಗಾಳಿಯಲ್ಲಿ ತೂಗಾಡುತ್ತಿರುವಾಗ ಬಿಗಿ ಮಾಡಿದರೆ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ.

ಬೆಟ್ಟದಪುರ_ಡ್ರೈವರ್
ಸೋಮವಾರ, ಬೆಳಗ್ಗೆ 7:52

ವಿ8 ಬುಶ್ ಸರಿ, ಒಪ್ಪಿದೆ. ಹಿಂದಿನ ಟ್ಯೂಬ್ ವಿಷಯದಲ್ಲಿ ಒಪ್ಪುವುದಿಲ್ಲ.

ಸರಸ್ವತಿಪುರಂ71
ಮೂರು ತಿಂಗಳ ನಂತರ, ಭಾನುವಾರ, ರಾತ್ರಿ 8:30

ಇಷ್ಟು ದಿನ ಏನೂ ಬರೆಯದಿದ್ದಕ್ಕೆ ಕ್ಷಮಿಸಿ. ಸಿಲ್ ಕೆಲಸಕ್ಕೇ ಏಳು ವಾರ ಹಿಡಿಯಿತು. ಬಲಗಡೆ ಹೊರಗಿನ ತಗಡು ತೆಗೆದಾಗ ಒಳಗಿನದು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಇದರ ಮೇಲೆ ಬಿಗಿ ಶಾಕ್ ಹಾಕಿಸಿ ಬೆಟ್ಟ ಇಳಿಯುತ್ತಿದ್ದೆನಲ್ಲ ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಎಡಗಡೆ ಗಟ್ಟಿಯಾಗಿದೆ, ಒಳಗೆ ವ್ಯಾಕ್ಸ್ ಹೊಡೆಸಿದೆ.

ಲಿವರ್ ನಾಲ್ಕನ್ನೂ ಹೆಬ್ಬಾಳಕ್ಕೆ ತೆಗೆದುಕೊಂಡು ಹೋದೆ. ಲೇತ್‌ಮನೆಯವರು ಕಂಚಿನ ಬುಶ್ ಟರ್ನಿಂಗ್ ಮಾಡಿ ಕೂರಿಸಿದರು. ಯೆಜ್ಡಿ ಸರ್ ಕೂಡ ಬಂದು ಪಕ್ಕದಲ್ಲೇ ಕೂತು ವಾಲ್ವ್ ತೊಳೆದುಕೊಟ್ಟರು. ವೈಸ್‌ನಲ್ಲಿ ನೆಟ್ಟಗೆ ಹಿಡಿದು, ಆಯಿಲ್ ಹಾಕುತ್ತಾ ಕೈಯಲ್ಲಿ ನಿಧಾನ ಮೇಲೆ ಕೆಳಗೆ ಎಳೆಯಬೇಕು. ಮೊದಲು ನಡುವೆ ಸಡಿಲ ಸಿಗುತ್ತದೆ. ಅದು ಒಳಗಿನ ಗಾಳಿ. ಇಪ್ಪತ್ತು, ಮೂವತ್ತು ಸಲ ಎಳೆದ ಮೇಲೆ ತುದಿಯಿಂದ ತುದಿಯವರೆಗೆ ಒಂದೇ ಬಿಗಿ ಬಂತು. ಆ ಬಿಗಿ ಕೈಗೆ ಸಿಕ್ಕಿದಾಗ ಆದ ಸಂತೋಷ ಹೇಳಲಾರೆ.

ಪ್ಲೇಟ್ ಸೆಟ್ ಪಾಂಡವಪುರದಲ್ಲಿ ಆಯಿತು, ತಣ್ಣಗೇ ಬಡಿದು. ಈಗ ಎರಡೂ ಕಡೆ ವ್ಯತ್ಯಾಸ 4 ಮಿಲಿಮೀಟರ್. ವಿ8 ಬುಶ್, ಹೊಸ ಪಟ್ಟಿ, ಕಿಂಗ್‌ಪಿನ್‌ಗೆ ಗ್ರೀಸ್, ಕೊನೆಗೆ ಅಲೈನ್‌ಮೆಂಟ್. ಸೀಟು ಕಟ್ಟಿಸಿದ್ದೂ ಆಯಿತು.

ಇವತ್ತು ಮೇಲುಕೋಟೆಗೆ ಹೋಗಿ ಬಂದೆವು. ಹೋಗುವಾಗ ಶ್ರೀರಂಗಪಟ್ಟಣ, ಪಾಂಡವಪುರ. ಜಕ್ಕನಹಳ್ಳಿ ದಾಟಿದ ಮೇಲೆ ಬೆಟ್ಟ ಹತ್ತುವ ತಿರುವುಗಳಲ್ಲಿ ಕಾರು ಒಂದು ಸಲ ವಾಲಿ ಅಲ್ಲೇ ನಿಂತುಕೊಳ್ಳುತ್ತದೆ, ತೂಗಾಟ ಇಲ್ಲ. ‘ಟಕ್’ ಇಲ್ಲ. ಸ್ಟೀರಿಂಗ್ ಅನ್ನು ಹೆಂಡತಿ ಎರಡು ಬೆರಳಲ್ಲಿ ತಿರುಗಿಸಿದಳು. ಬರುವಾಗ ಪೂರ್ತಿ ಅವಳೇ ಓಡಿಸಿದಳು. ಅಪ್ಪ ಓಡಿಸುವಾಗ ಹೀಗೇ ಇತ್ತು ಅಂದಳು.

ಬೆಟ್ಟದಪುರ_ಡ್ರೈವರ್
ಭಾನುವಾರ, ರಾತ್ರಿ 8:52

ತುಂಬ ಸಂತೋಷ ಸರ್. ಹಿಂದಕ್ಕೂ ಲಿವರೇ ಇಟ್ಟಿರಾ?

ಸರಸ್ವತಿಪುರಂ71
ಭಾನುವಾರ, ರಾತ್ರಿ 8:57

ಹೌದು. ನಮ್ಮ ವೇಗಕ್ಕೆ ಸಾಕು. ಇಬ್ಬರು, ಲಗೇಜು ಎಲ್ಲ ಹಾಕಿಕೊಂಡು ಊಟಿಗೆ ಹೋಗುವ ಆಸೆ ಇದೆ. ಗುಡಲೂರು ಘಾಟಿನಲ್ಲಿ ಸಡಿಲ ಅನಿಸಿದರೆ ನಿಮ್ಮ ಬೋಲ್ಟ್ ಕಿಟ್ ಬಗ್ಗೆ ಖಂಡಿತ ಕೇಳುತ್ತೇನೆ.

ಬೆಟ್ಟದಪುರ_ಡ್ರೈವರ್
ಭಾನುವಾರ, ರಾತ್ರಿ 9:01

ಕೇಳಿ. ಹಾಕಿದರೂ ಆ ರಬ್ಬರ್ ಪಟ್ಟಿ ಮಾತ್ರ ತೆಗೆಯಬೇಡಿ. ಪಟ್ಟಿ ಇಲ್ಲದಿದ್ದರೆ ಆಕ್ಸಲ್ ಪೂರ್ತಿ ಇಳಿದಾಗ ಎಳೆತ ಎಲ್ಲ ಟ್ಯೂಬ್ ಶಾಕ್ ಮೇಲೆ ಬೀಳುತ್ತದೆ.

ಅಪ್ಪನ_ಫಿಯಟ್
ಭಾನುವಾರ, ರಾತ್ರಿ 9:15

ನಿಮ್ಮ ಮನೆಯವರೇ ಓಡಿಸಿದರು ಅಂತ ಓದಿ ಕಣ್ಣು ತುಂಬಿ ಬಂತು. ಸೊಂಟ ಹೇಗಿದೆ ಅಂತ ಕೇಳಿ.

ಸರಸ್ವತಿಪುರಂ71
ಭಾನುವಾರ, ರಾತ್ರಿ 9:18

ನೋವಿಲ್ಲ ಮೇಡಂ. ಪಕ್ಕದಲ್ಲೇ ಇದ್ದಾಳೆ, ನಿಮಗೆ ನಮಸ್ಕಾರ ಹೇಳುತ್ತಿದ್ದಾಳೆ.

ದೂರದ_ಮೈಸೂರಿಗ
ಸೋಮವಾರ, ಬೆಳಗ್ಗೆ 6:40

ಸರ್, ಇಲ್ಲಿ ನನ್ನ ಪಕ್ಕದ ಮನೆಯವರದ್ದೂ ಎಂಜಿಬಿ. ಅವರ ಹಿಂದಿನ ಲಿಂಕ್‌ನ ರಬ್ಬರ್ ಹೋಗಿದೆ. ನೀವು ಹಾಕಿದ ರಬ್ಬರ್ ಒಳ ವ್ಯಾಸ, ಹೊರ ವ್ಯಾಸ ಎಷ್ಟು?

ಸರಸ್ವತಿಪುರಂ71
ಸೋಮವಾರ, ಬೆಳಗ್ಗೆ 6:55

ಒಂದು ಜೊತೆ ಜಾಸ್ತಿ ಮಾಡಿಸಿ ಇಟ್ಟಿದ್ದೇನೆ. ಸಂಜೆ ಆಫೀಸಿನಿಂದ ಬಂದು ವರ್ನಿಯರ್ ಇಟ್ಟು ಅಳೆದು, ಫೋಟೋ ಸಮೇತ ಹಾಕುತ್ತೇನೆ.